ಮಂಡಕ್ಕಿ ಭಟ್ಟಿ ಓಣಿಗೆ ನಾಟಕ ಹೋದದ್ದು

ನಮ್ಮ ತಂಡ ದಾವಣಗೆರೆಯಲ್ಲಿ ಬಹಳ ವರ್ಷದಿಂದ ನಾಟಕ ಆಡುತ್ತಿದೆ. ನಾನು ಅದರಲ್ಲಿ ಪಾತ್ರ ಮಾಡುವವಳಲ್ಲ. ಟಿಕೆಟ್ಟು, ಪ್ರಚಾರ, ಭವನದ ಬುಕಿಂಗು, ಬಂದವರನ್ನು ಕೂರಿಸುವುದು ನನ್ನ ಕೆಲಸ. ಹಾಗಾಗಿ ಪರದೆಯ ಆ ಕಡೆ ಏನು ನಡೆಯುತ್ತಿದೆ ಅನ್ನುವುದಕ್ಕಿಂತ ಈ ಕಡೆ ಯಾರು ಕೂತಿದ್ದಾರೆ ಅನ್ನುವುದರ ಮೇಲೇ ನನ್ನ ಕಣ್ಣು ಜಾಸ್ತಿ.

ಕೂತವರು ವರ್ಷ ವರ್ಷವೂ ಅವರೇ. ನಿವೃತ್ತ ಮೇಷ್ಟ್ರುಗಳು, ಕಾಲೇಜಿನ ಕನ್ನಡ ವಿಭಾಗದವರು, ಒಂದಿಷ್ಟು ವಕೀಲರು, ಬ್ಯಾಂಕಿನವರು, ಪಾತ್ರಧಾರಿಗಳ ಮನೆಮಂದಿ. ಅವರ ಮೇಲೆ ನನಗೆ ಪ್ರೀತಿಯೇ ಇದೆ. ಮಳೆ ಬರಲಿ, ಕರೆಂಟ್ ಹೋಗಲಿ, ಬಂದೇ ಬರುತ್ತಾರೆ. ಆದರೆ ಪ್ರತಿ ವರ್ಷ ಅವರಲ್ಲಿ ಇಬ್ಬರು ಮೂವರು ಕಡಿಮೆಯಾಗುತ್ತಿದ್ದರು. ಅವರ ಜಾಗಕ್ಕೆ ಹೊಸಬರು ಬರುತ್ತಿರಲಿಲ್ಲ. ತಂಡದ ಸಭೆಯಲ್ಲಿ ಈ ಮಾತು ಬಂದಾಗಲೆಲ್ಲ, ‘ಜನಕ್ಕೆ ಈಗ ಮೊಬೈಲ್ ಸಾಕು, ನಾಟಕ ಯಾರಿಗೆ ಬೇಕು’ ಅಂತ ಯಾರಾದರೂ ಅನ್ನುತ್ತಿದ್ದರು. ಅಲ್ಲಿಗೆ ಮಾತು ಮುಗಿಯುತ್ತಿತ್ತು.

ನನಗೆ ಆ ಮಾತು ಯಾವತ್ತೂ ಒಪ್ಪಿಗೆಯಾಗಿರಲಿಲ್ಲ. ಯಾಕಂದರೆ ಇದು ಯಾವ ಊರು? ಚಿಂದೋಡಿ ವೀರಪ್ಪನವರ ಕೆಬಿಆರ್ ಡ್ರಾಮಾ ಕಂಪನಿಯ ಊರು. ಅವರ ಮಗಳು ಚಿಂದೋಡಿ ಲೀಲಾ ಅವರ ಹೆಸರು ಹೇಳಿದರೆ ಇಲ್ಲಿಯ ವಯಸ್ಸಾದ ಹೆಂಗಸರು ಈಗಲೂ ಹಾಡು ಶುರು ಮಾಡುತ್ತಾರೆ. ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲದಲ್ಲಿ ಹತ್ತಿ ಗಿರಣಿ ಕೆಲಸಗಾರರು ಪಾಳಿ ಮುಗಿಸಿ ನೇರ ಕಂಪನಿ ಥಿಯೇಟರಿಗೆ ಹೋಗುತ್ತಿದ್ದರಂತೆ. ನೆಲ, ಬೆಂಚು, ಕುರ್ಚಿ ಅಂತ ಟಿಕೆಟ್ಟಿನಲ್ಲೇ ದರ್ಜೆ. ನೆಲದವರು ‘ಒನ್ಸ್ ಮೋರ್’ ಅಂದರೆ ಹಾಡನ್ನು ಮತ್ತೆ ಹಾಡಲೇಬೇಕು. ಅವರ ಮಕ್ಕಳು, ಮೊಮ್ಮಕ್ಕಳು ಊರು ಬಿಟ್ಟು ಹೋಗಿಲ್ಲ. ಇಲ್ಲೇ ಇದ್ದಾರೆ. ನಮ್ಮ ಭವನದಿಂದ ಆಟೋದಲ್ಲಿ ಹೋದರೆ ಹತ್ತು ಹದಿನೈದು ನಿಮಿಷದ ದಾರಿ. ನಾಟಕ ಬೇಡ ಅಂತ ಅವರು ಹೇಳಿದ್ದನ್ನು ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ಬರುತ್ತೀರಾ ಅಂತ ಯಾರೂ ವಿಚಾರಿಸಿರಲೂ ಇಲ್ಲ.

ಇನ್ನೊಂದು ಕಾರಣವೂ ಇತ್ತು. ಹೆಗ್ಗೋಡಿನ ಸಂಸ್ಕೃತಿ ಶಿಬಿರಕ್ಕೆ ಒಂದು ಅಕ್ಟೋಬರಿನಲ್ಲಿ ಹೋಗಿದ್ದೆ. ಕೆ.ವಿ. ಸುಬ್ಬಣ್ಣ ಮತ್ತು ಗೆಳೆಯರು 1949ರಲ್ಲಿ ಕಟ್ಟಿದ ನಾಟಕ ಸಂಸ್ಥೆ ನೀನಾಸಮ್ ಇರುವುದು ಅಡಿಕೆ ತೋಟಗಳ ನಡುವಿನ ಒಂದು ಸಣ್ಣ ಹಳ್ಳಿಯಲ್ಲಿ. ಅಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ನಾಟಕಕ್ಕಿಂತ ಅದನ್ನು ನೋಡಿದ ಮೇಲಿನ ಮಾತುಕತೆ. ಹಿಂದಿನ ರಾತ್ರಿ ನೋಡಿದ ನಾಟಕದ ಬಗ್ಗೆ ಬೆಳಿಗ್ಗೆ ತೋಟದ ಕೆಲಸದವರು, ವಿದ್ಯಾರ್ಥಿಗಳು, ಬರಹಗಾರರು ಒಟ್ಟಿಗೆ ಕೂತು ಮಾತಾಡುತ್ತಿದ್ದರು. ಅದು ಒಂದು ದಿನದಲ್ಲಿ ಆದದ್ದಲ್ಲ. ನೋಡುವವರನ್ನೂ ವರ್ಷಗಟ್ಟಲೆ ಜೊತೆಯಲ್ಲಿ ಕರೆದುಕೊಂಡು ಬಂದಿದ್ದಾರೆ. 1985ರಲ್ಲಿ ಶುರುವಾದ ಅವರ ಸಂಚಾರಿ ತಂಡ ತಿರುಗಾಟ, 1997ರಲ್ಲಿ ಶುರುವಾದ ಸಾಣೇಹಳ್ಳಿಯ ಸಂಚಾರಿ ತಂಡ ಶಿವಸಂಚಾರ ಊರೂರಿಗೆ ಹೋಗಿ ಮಾಡಿದ್ದೂ ಅದನ್ನೇ. ನಾವು ಊರೂರಿಗೆ ಹೋಗುವುದು ಬೇಡ, ನಮ್ಮದೇ ಊರಿನ ಇನ್ನೊಂದು ಮೂಲೆಗೆ ಹೋದರೆ ಸಾಕು ಅನ್ನಿಸಿತು.

ಆ ಮೂಲೆ ಅಂದರೆ ಮಂಡಕ್ಕಿ ಭಟ್ಟಿಗಳ ಕಡೆ. ದಾವಣಗೆರೆಯ ಖಾರ ಮಂಡಕ್ಕಿ, ನರ್ಗೀಸ್ ಮಂಡಕ್ಕಿ, ಜೊತೆಗೊಂದು ಮೆಣಸಿನಕಾಯಿ ಬಜ್ಜಿ ತಿನ್ನದವರು ಯಾರು? ಆದರೆ ಆ ಮಂಡಕ್ಕಿ ಎಲ್ಲಿಂದ ಬರುತ್ತದೆ ಅಂತ ನೋಡಿದವರು ಕಡಿಮೆ. ಭತ್ತ ನೆನೆಸಿ, ಕಾಯಿಸಿ, ಒಣಗಿಸಿ, ಅಕ್ಕಿ ಮಾಡಿ, ಕೊನೆಗೆ ಕಾದ ಮರಳಿನಲ್ಲಿ ಹುರಿಯುತ್ತಾರೆ. ಓಣಿಗೆ ಕಾಲಿಟ್ಟರೆ ಮೊದಲು ಮೂಗಿಗೆ ಹೊಗೆ, ಆಮೇಲೆ ಕಿವಿಗೆ ಚಟಪಟ ಸದ್ದು. ಅಲ್ಲಿ ಕೆಲಸ ಮಾಡುವವರಲ್ಲಿ ಮುಸ್ಲಿಂ ಕುಟುಂಬಗಳು ಜಾಸ್ತಿ. ಗಂಡಸರ ಜೊತೆ ಹೆಂಗಸರೂ ದುಡಿಯುತ್ತಾರೆ.

ನನಗೆ ದಾರಿ ತೋರಿಸಿದ್ದು ಆ ಓಣಿಯ ಅಂಗನವಾಡಿ ಟೀಚರ್. ‘ಸುಮ್ನೆ ಕರಪತ್ರ ಹಂಚಿ ಹೋಗಬೇಡ್ರಿ ಅಕ್ಕಾ, ಯಾರೂ ಬರಲ್ಲ. ಸಂಘದ ಮೀಟಿಂಗಿಗೆ ಬಂದು ಕುಂದರ್ರಿ’ ಅಂದರು. ಸ್ತ್ರೀಶಕ್ತಿ ಸಂಘದ ವಾರದ ಸಭೆ ಅದು. ಹಣ ಕಟ್ಟುವುದು, ಪುಸ್ತಕದಲ್ಲಿ ಬರೆಯುವುದು, ಕಟ್ಟದವರನ್ನು ವಿಚಾರಿಸುವುದು. ನಾನು ಮೂಲೆಯಲ್ಲಿ ಕೂತೆ. ನನ್ನನ್ನು ನೋಡಿ ಅವರು ಕೇಳಿದ ಮೊದಲ ಪ್ರಶ್ನೆ, ‘ಲೋನ್ ಕೊಡಾಕ ಬಂದೀರೇನು?’ ಎರಡನೆಯದು, ‘ಯಾವ ಪಾರ್ಟಿಯವರು?’ ನಾಟಕದವರು ಅಂದೆ. ಒಬ್ಬರು ನಕ್ಕರು. ಇನ್ನೊಬ್ಬರು, ‘ಹಾಗಾದ್ರ ಹಾಡ್ರಿ ಒಂದು’ ಅಂದರು. ನನಗೆ ಹಾಡಲು ಬರುವುದಿಲ್ಲ. ಅಲ್ಲಿದ್ದ ಒಬ್ಬ ಅಜ್ಜಿಯೇ ಹಾಡಿದರು. ಅದು ಹಳೆ ಕಂಪನಿ ನಾಟಕದ ಹಾಡು!

ಆಮೇಲೆ ವಾರ ವಾರ ಹೋಗತೊಡಗಿದೆ. ನಾಟಕದ ಮಾತು ನಾನಾಗಿ ಎತ್ತಲಿಲ್ಲ. ಹಣದ ಲೆಕ್ಕ ಮುಗಿದ ಮೇಲೆ ಚಹಾ ಬರುತ್ತಿತ್ತು. ಚಹಾ ಜೊತೆ ಕಥೆ. ನಿಮ್ಮ ಅಜ್ಜಿ ಯಾವ ಕಥೆ ಹೇಳುತ್ತಿದ್ದರು ಅಂತ ಕೇಳಿದರೆ ಸಾಕು, ಒಬ್ಬರ ಬಾಯಿಂದ ಇನ್ನೊಬ್ಬರು ಕಿತ್ತುಕೊಂಡು ಹೇಳುತ್ತಿದ್ದರು. ಅರ್ಧ ಕನ್ನಡ, ಅರ್ಧ ಉರ್ದು. ನಮ್ಮ ನಿರ್ದೇಶಕರನ್ನೂ ಪಾತ್ರ ಮಾಡುವ ಹುಡುಗಿಯರನ್ನೂ ಕರೆದುಕೊಂಡು ಹೋದೆ. ನಮ್ಮ ತಂಡ ಆ ವರ್ಷ ಯಾವ ನಾಟಕ ಮಾಡಬೇಕು ಅಂತ ತೀರ್ಮಾನವಾದದ್ದು ಆ ಚಹಾದ ಹೊತ್ತಿನಲ್ಲೇ.

ಒಬ್ಬರು ಹೇಳಿದ ಕಥೆ ಹೀಗಿತ್ತು. ಗಂಡ ಹೆಂಡತಿಯನ್ನು ಮನೆಯೊಳಗೆ ಬಿಟ್ಟು ಬೀಗ ಹಾಕಿಕೊಂಡು ಹೋಗುತ್ತಾನೆ. ರಾತ್ರಿ ಗಂಡನ ವೇಷದಲ್ಲಿ ಬೇರೆ ಯಾರೋ ಬರುತ್ತಾರೆ. ನಮ್ಮ ನಿರ್ದೇಶಕರು ತಟ್ಟನೆ, ‘ಇದು ನಾಗಮಂಡಲ ಅಲ್ವಾ?’ ಅಂದರು. ಆ ಹೆಣ್ಣುಮಗಳು ಬಿಡಲಿಲ್ಲ. ‘ನಾಗಮಂಡಲ ಸಿನಿಮಾ ನಾನೂ ನೋಡೀನಿ. ಅದ್ರಾಗ ನಾಗಪ್ಪ ಬರ್ತಾನ. ನಮ್ಮಜ್ಜಿ ಹೇಳಿದ್ರಾಗ ಬರೋದು ಜಿನ್’ ಅಂದರು. ಗಿರೀಶ ಕಾರ್ನಾಡರು ನಾಗಮಂಡಲ ನಾಟಕ ಬರೆದದ್ದೇ ಜನಪದ ವಿದ್ವಾಂಸ ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಯ ಮೇಲೆ. ರಾಮಾನುಜನ್ ಅವರಿಗೆ ಅಂಥ ಕಥೆಗಳು ಸಿಕ್ಕಿದ್ದು ಮನೆಮನೆಯ ಹೆಂಗಸರಿಂದ. ಅಂದರೆ ಕಥೆ ಹೊರಟದ್ದು ಇಂಥ ಜಗುಲಿಗಳಿಂದಲೇ. ಅದನ್ನು ತಿರುಗಿ ಇಲ್ಲಿಗೆ ತರುವುದಕ್ಕಿಂತ ಒಳ್ಳೆಯ ಕೆಲಸ ನಮ್ಮ ತಂಡಕ್ಕೆ ಇನ್ನೇನಿತ್ತು?

ಆ ನಾಟಕದ ಶುರುವಿನಲ್ಲಿ ಒಬ್ಬ ನಾಟಕಕಾರ ಬರುತ್ತಾನೆ, ಪಾಳುಗುಡಿಯಲ್ಲಿ ಕೂತಿರುತ್ತಾನೆ. ಅವನ ನಾಟಕ ನೋಡಲು ಬಂದ ಎಷ್ಟೋ ಜನ ಕೂತಲ್ಲೇ ನಿದ್ದೆ ಹೋಗಿದ್ದಾರೆ. ಅದರ ಫಲವಾಗಿ ಅವನು ಈಗ ಒಂದು ಇಡೀ ರಾತ್ರಿ ಎಚ್ಚರವಾಗಿರಬೇಕು, ಇಲ್ಲದಿದ್ದರೆ ಸಾವು. ಈ ಭಾಗವನ್ನು ಸಂಘದಲ್ಲಿ ಓದಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಒಬ್ಬರು ಗಂಭೀರವಾಗಿ ಹೇಳಿದರು: ‘ನಾವೂ ನಿದ್ದಿ ಹೋಗ್ತೀವಿ ನೋಡ್ರಿ. ರಾತ್ರಿ ಎರಡಕ್ಕೋ ಮೂರಕ್ಕೋ ಎದ್ದು ಭಟ್ಟಿ ಹಚ್ಚೋರು ನಾವು. ನಿಮ್ಮ ನಾಟಕ ಏಳಕ್ಕ ಶುರು ಮಾಡಿ ಒಂಬತ್ತಕ್ಕ ಮುಗಿಸಿದ್ರ ನಾವ್ ಹೆಂಗ ಬರೋಣ?’

ನಾನು ಅಷ್ಟು ವರ್ಷ ಹಚ್ಚಿದ ಪೋಸ್ಟರುಗಳೆಲ್ಲ ಸಂಜೆ ಏಳರವು. ಏಳು ಗಂಟೆ ಅನ್ನುವುದು ಆಫೀಸು ಮುಗಿಸಿ, ಮನೆಗೆ ಹೋಗಿ, ಕಾಫಿ ಕುಡಿದು ಬರುವವರ ಹೊತ್ತು. ಬೇರೆ ಹೊತ್ತಿನಲ್ಲಿ ಬದುಕುವವರಿಗೆ ಆ ಪೋಸ್ಟರು ‘ಇದು ನಿಮಗಲ್ಲ’ ಅಂತಲೇ ಹೇಳುತ್ತಿರುತ್ತದೆ. ‘ಬಡವರಿಗೆ ಕಲೆಯ ಅಭಿರುಚಿ ಇಲ್ಲ’ ಅಂತ ವೇದಿಕೆ ಮೇಲೆ ಭಾಷಣ ಮಾಡುವವರು ಒಮ್ಮೆ ಈ ಗಡಿಯಾರದ ಲೆಕ್ಕ ಹಾಕಲಿ ಅಂತ ನನ್ನ ಕಳಕಳಿ.

ಸಂಘದವರೇ ಹೊತ್ತು ಹೇಳಿದರು. ಶುಕ್ರವಾರ ಕೆಲಸ ಕಡಿಮೆ. ಮಧ್ಯಾಹ್ನ ನಾಲ್ಕಕ್ಕೆ ಶುರು ಮಾಡಿದರೆ ಮಗ್ರಿಬ್ ಆಜಾನಿನ ಮೊದಲು ಮುಗಿಯುತ್ತದೆ. ಜಾಗ ಓಣಿಯ ಸರ್ಕಾರಿ ಶಾಲೆಯ ಅಂಗಳ.

ನಾಲ್ಕು ಗಂಟೆ ಅಂದ ಕೂಡಲೇ ನಮ್ಮ ಬೆಳಕಿನವನು ಎದ್ದು ನಿಂತ. ‘ಅಕ್ಕಾ, ನಾಗಮಂಡಲ ಹಗಲಲ್ಲಿ ಆಡಕ್ಕಾಗುತ್ತಾ? ದೀಪಗಳ ದೃಶ್ಯ ಏನು ಮಾಡ್ತೀರಿ?’ ಅವನು ಹೇಳಿದ್ದರಲ್ಲಿ ನ್ಯಾಯವಿತ್ತು. ನಾಟಕದಲ್ಲಿ ಊರಿನ ಮನೆಗಳಲ್ಲಿ ದೀಪ ಆರಿಸಿದ ಮೇಲೆ ಆ ಜ್ಯೋತಿಗಳೆಲ್ಲ ಪಾಳುಗುಡಿಯಲ್ಲಿ ಸೇರಿ ತಂತಮ್ಮ ಮನೆಯ ಸುದ್ದಿ ಹೇಳಿಕೊಳ್ಳುತ್ತವೆ. ಕತ್ತಲೆ ಇಲ್ಲದೆ ಆ ದೃಶ್ಯ ಹೇಗೆ?

ಇದಕ್ಕೆ ದಾರಿ ಸಿಕ್ಕಿದ್ದು ಓಣಿಯಲ್ಲೇ. ಶಾಲೆಯ ಹಜಾರದಲ್ಲಿ ತಾಲೀಮು ಮಾಡುತ್ತಿದ್ದೆವು. ಬೇಕಾದವರು ಬಂದು ನೋಡುತ್ತಿದ್ದರು. ಒಂದು ದಿನ ಒಬ್ಬರು ಅಟ್ಟದ ಮೇಲಿಟ್ಟಿದ್ದ ಹಳೆಯ ಸೀಮೆಎಣ್ಣೆ ಬುಡ್ಡಿ ತಂದರು. ತಗಡಿನದು, ಕುತ್ತಿಗೆ ಹತ್ತಿರ ಮಸಿ ಹಿಡಿದಿತ್ತು, ಬತ್ತಿ ಸುಟ್ಟು ಗಟ್ಟಿಯಾಗಿತ್ತು. ‘ಇದು ನಮ್ಮತ್ತೀದು. ಇದು ಮಾತಾಡಿದ್ರ ನಮ್ಮ ಮನೀದು ಏನೇನ್ ಹೇಳ್ತೈತೋ’ ಅಂತ ನಕ್ಕರು. ಮರುದಿನ ಇನ್ನೊಂದು ಬಂತು. ಒಂದಕ್ಕೆ ಗಾಜಿನ ಬುರುಡೆ, ಒಂದು ಔಷಧಿ ಬಾಟಲಿಗೆ ತೂತು ಮಾಡಿ ಮಾಡಿದ್ದು, ಒಂದರ ಹಿಡಿಕೆಗೆ ಬಟ್ಟೆ ಸುತ್ತಿತ್ತು. ಯಾರ ಮನೆಯ ಬುಡ್ಡಿ ಯಾವುದು ಅಂತ ಓಣಿಯವರಿಗೆಲ್ಲ ಗೊತ್ತು. ನಿರ್ದೇಶಕರು ಬೆಳಕಿನ ಯೋಚನೆ ಬಿಟ್ಟರು. ಜ್ಯೋತಿಯಾಗುವ ಹುಡುಗಿಯರು ಒಬ್ಬೊಬ್ಬರೂ ಒಂದೊಂದು ಬುಡ್ಡಿ ಹಿಡಿದು ಬಂದರು. ಹಚ್ಚಲಿಲ್ಲ. ಬಿಸಿಲಿನಲ್ಲಿ ಹಚ್ಚದ ಬುಡ್ಡಿ ಹಿಡಿದು ನಿಂತ ಹುಡುಗಿ ‘ನಮ್ಮನೇಲಿ ಇವತ್ತು ಏನಾಯ್ತು ಗೊತ್ತಾ’ ಅಂದಾಗ ಜನ ನಂಬಿದರು. ನಮ್ಮ ಬೆಳಕಿನವನೂ ಮಕ್ಕಳ ಮಧ್ಯೆ ಕೂತು ನೋಡಿದ.

ತಾಲೀಮು ಎಲ್ಲರಿಗೂ ತೆರೆದಿಟ್ಟದ್ದು ನಮ್ಮ ಕೆಲವು ಪಾತ್ರಧಾರಿಗಳಿಗೆ ಹಿಡಿಸಿರಲಿಲ್ಲ. ಕಥೆ ಮೊದಲೇ ಗೊತ್ತಾದರೆ ಪ್ರದರ್ಶನಕ್ಕೆ ಯಾರು ಬರುತ್ತಾರೆ ಅನ್ನುವುದು ಅವರ ಆತಂಕ. ನಡೆದದ್ದು ಬೇರೆ. ತಾಲೀಮು ನೋಡಿದವರೇ ಮನೆಮನೆಗೆ ಹೋಗಿ ಕರೆದರು. ಬಯಲಾಟ ನೋಡುವವರಿಗೆ ಕಥೆ ಗೊತ್ತಿರುವುದಿಲ್ವಾ? ಗೊತ್ತಿದ್ದೇ ಬೆಳಗಿನ ತನಕ ಕೂತಿರುತ್ತಾರಲ್ಲ! ತಾಲೀಮಿನಲ್ಲಿ ಬಂದ ಪ್ರಶ್ನೆಗಳಂತೂ ನಮಗೆ ಯಾವ ವಿಮರ್ಶಕರಿಂದಲೂ ಬಂದಿರಲಿಲ್ಲ. ನಾಟಕದಲ್ಲಿ ಅಪ್ಪಣ್ಣನ ಹೆಂಡತಿ ರಾಣಿಯ ಪಾತ್ರ ಮಾಡುತ್ತಿದ್ದ ಹುಡುಗಿ ಬೀಗ ಹಾಕಿದ ಬಾಗಿಲ ಹಿಂದೆ ಸುಮ್ಮನೆ ಕೂತು ಅಳುತ್ತಿದ್ದಳು. ನೋಡುತ್ತಿದ್ದ ಒಬ್ಬ ತಾಯಿ, ‘ಅಳ್ತಾಳ ಸರಿ. ಅನ್ನ ಯಾವಾಗ ಮಾಡ್ತಾಳ? ಮಧ್ಯಾಹ್ನ ಗಂಡ ಉಣ್ಣಾಕ ಬರ್ತಾನಲ್ಲ’ ಅಂದರು. ಮರುದಿನದಿಂದ ರಾಣಿ ಅಳುತ್ತಲೇ ಅಕ್ಕಿ ಆರಿಸತೊಡಗಿದಳು. ಕೈ ಒಂದು ಕಡೆ, ಕಣ್ಣು ಒಂದು ಕಡೆ. ಆ ದೃಶ್ಯ ಅಲ್ಲಿಂದ ಬೇರೆಯೇ ಆಯಿತು.

ಟಿಕೆಟ್ಟಿನ ವಿಷಯಕ್ಕೆ ತಂಡದಲ್ಲಿ ಜೋರು ಜಗಳವೇ ಆಯಿತು. ಪುಕ್ಕಟೆ ಇಡಬೇಕು ಅಂತ ಹೆಚ್ಚಿನವರ ವಾದ. ನಾನು ಇಪ್ಪತ್ತು ರೂಪಾಯಿ ಇಡೋಣ ಅಂದೆ. ದುಡಿದು ತಿನ್ನುವ ಜನ ಅವರು. ಪುಕ್ಕಟೆ ಅಂದರೆ ಯಾರದೋ ಪ್ರಚಾರ ಸಭೆ ಅಂತಲೇ ಲೆಕ್ಕ. ಟಿಕೆಟ್ಟು ಕೊಂಡವರಿಗೆ ‘ಚೆನ್ನಾಗಿಲ್ಲ’ ಅನ್ನುವ ಹಕ್ಕಿರುತ್ತದೆ. ಕೊನೆಗೆ ಸಂಘದವರನ್ನೇ ಕೇಳಿದೆವು. ‘ಕಂಪನಿ ನಾಟಕಕ್ಕ ನಮ್ಮಜ್ಜಿ ದುಡ್ಡು ಕೊಟ್ಟೇ ಹೋಗ್ತಿದ್ಲು’ ಅನ್ನುವ ಒಂದೇ ಮಾತಿಗೆ ಜಗಳ ಮುಗಿಯಿತು. ದೊಡ್ಡವರಿಗೆ ಇಪ್ಪತ್ತು, ಮಕ್ಕಳಿಗೆ ಇಲ್ಲ. ಟಿಕೆಟ್ಟು ಮಾರಿದ್ದು ಸಂಘದವರು. ಅದರಲ್ಲಿ ನಾಲ್ಕರಲ್ಲೊಂದು ಪಾಲು ಸಂಘದ ಖಾತೆಗೆ. ಇದು ದಾನದ ಮಾತಲ್ಲ, ಮಾರಿದ ಕೆಲಸಕ್ಕೆ ಕೂಲಿ.

ಆ ಶುಕ್ರವಾರ ಅಂಗಳ ತುಂಬಿತ್ತು. ಜಮಖಾನೆ ಸಾಲದೆ ಭಟ್ಟಿಯಿಂದ ಖಾಲಿ ಗೋಣಿಚೀಲ ತಂದು ಹಾಸಿದರು. ನಾಟಕದ ಉದ್ದಕ್ಕೂ ಮಾತು ಇದ್ದೇ ಇತ್ತು. ಅಪ್ಪಣ್ಣ ಬೀಗ ಹಾಕಿದಾಗ ಬೈದರು. ಗಂಡನನ್ನು ಒಲಿಸಿಕೊಳ್ಳಲು ಊಟದಲ್ಲಿ ಹಾಕು ಅಂತ ಮುದುಕಿ ಕುರುಡವ್ವ ರಾಣಿಗೆ ಬೇರು ಕೊಟ್ಟಾಗ ‘ಹಾಕಬ್ಯಾಡ, ಹಾಕಬ್ಯಾಡ’ ಅಂತ ಕೂಗಿದರು. ಭವನದಲ್ಲಿ ಮೌನಕ್ಕೆ ಒಗ್ಗಿಹೋಗಿದ್ದ ನಮ್ಮ ಹುಡುಗರು ಮೊದಲು ತಡಬಡಿಸಿದರು, ಆಮೇಲೆ ಆ ಮಾತಿಗೆ ಜಾಗ ಬಿಟ್ಟು ಆಡಲು ಕಲಿತರು. ಹುತ್ತದ ಮುಂದೆ ರಾಣಿ ನಾಗರವನ್ನು ಕೈಯಲ್ಲಿ ಹಿಡಿದು ತಾನು ತಪ್ಪು ಮಾಡಿಲ್ಲ ಅಂತ ಪ್ರಮಾಣ ಮಾಡುವ ಹೊತ್ತಿಗೆ ಮಾತ್ರ ಯಾರೂ ಬಾಯಿ ಬಿಡಲಿಲ್ಲ.

ಮುಗಿದ ಮೇಲೆ ಯಾರನ್ನೂ ವೇದಿಕೆಗೆ ಕರೆಯಲಿಲ್ಲ, ಹಾರ ಹಾಕಲಿಲ್ಲ. ಕೂತಲ್ಲೇ ಮಾತಾಡಿದೆವು. ಅವರೇ ತಂದ ಖಾರ ಮಂಡಕ್ಕಿ ಕಾಗದದ ಪೊಟ್ಟಣದಲ್ಲಿ ಎಲ್ಲರ ಕೈಗೆ ಬಂತು. ಹೆಂಗಸರ ಮಾತೆಲ್ಲ ಒಂದೇ ಕಡೆ ಸುತ್ತುತ್ತಿತ್ತು: ರಾತ್ರಿ ಬರುವವನು ಗಂಡ ಅಲ್ಲ ಅಂತ ರಾಣಿಗೆ ಗೊತ್ತಿತ್ತೋ ಇಲ್ಲವೋ? ಒಬ್ಬರು ಗೊತ್ತೇ ಇರಲಿಲ್ಲ ಅಂದರು. ಒಬ್ಬರು, ‘ಗೊತ್ತಿತ್ತು, ಕೇಳಲಿಲ್ಲ ಅಷ್ಟ’ ಅಂದರು. ಮೂಲೆಯಲ್ಲಿ ನಿಂತಿದ್ದ ಒಬ್ಬ ಗಂಡಸು, ‘ಅಪ್ಪಣ್ಣಂಗೆ ಶಿಕ್ಷೆ ಯಾಕಾಗಲಿಲ್ಲ?’ ಅಂತ ಕೇಳಿದರು. ಅಪ್ಪಣ್ಣನ ಪಾತ್ರ ಮಾಡಿದವನು ಉತ್ತರ ಹೇಳಲು ಹೋಗಿ ನಿಲ್ಲಿಸಿದ. ಆ ಪ್ರಶ್ನೆ ಇಟ್ಟುಕೊಂಡು ನಾವು ತಿಂಗಳುಗಟ್ಟಲೆ ಮಾತಾಡಿದ್ದೇವೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ‘ಓಣಿಗೆ ಹೋಗಿ ನಾಟಕ ಮಾಡಿ ಬಂದೆವು’ ಅಂತ ಒಂದು ಫೋಟೋ ಹಾಕಿ ಮುಗಿಸಬಹುದಿತ್ತು. ನನಗೆ ಬೇಕಿದ್ದದ್ದು ಅದಲ್ಲ. ಊರಿನ ಭವನ ಅವರದೂ ಹೌದು. ಅವರು ಅಲ್ಲಿಗೂ ಬರಬೇಕು. ಇದು ಓಣಿಯ ಪ್ರದರ್ಶನಕ್ಕಿಂತ ಕಷ್ಟದ ಕೆಲಸ.

ಸಂಘದಲ್ಲಿ ಕೇಳಿದಾಗ ನಾಟಕ ಯಾವುದು ಅಂತ ಯಾರೂ ವಿಚಾರಿಸಲಿಲ್ಲ. ‘ಅಲ್ಲಿ ಹೆಂಗಸ್ರಿಗೆ ಟಾಯ್ಲೆಟ್ ಐತೇನ್ರಿ? ನೀರು ಬರ್ತೈತಾ?’ ‘ಕೂಸು ಅತ್ರ ಹೊರಗ ಕಳಸ್ತಾರೇನು?’ ‘ಬುರ್ಖಾ ಹಾಕ್ಕೊಂಡ್ ಬಂದ್ರ ಗೇಟಿನಾಗ ಯಾರಾರ ಏನಾರ ಅಂತಾರೇನು?’ ‘ವಾಪಸ್ ಬರಾಕ ಆಟೋ ಸಿಗ್ತೈತಾ?’ ಇವೇ ಪ್ರಶ್ನೆ. ಇವಕ್ಕೆ ಉತ್ತರ ಇಲ್ಲದೆ ಅಭಿರುಚಿಯ ಮಾತು ಆಡಿ ಏನು ಪ್ರಯೋಜನ? ಮೊದಲು ಕೇಳಿದ ಒಂದು ಭವನದವರು, ‘ಆ ಕಡೆಯವರನ್ನ ಕರ್ಕೊಂಡ್ ಬಂದ್ರೆ ಗಲೀಜು ಮಾಡ್ತಾರೆ ಮೇಡಂ’ ಅಂದರು. ನಾನು ಆ ಭವನ ಬಿಟ್ಟೆ. ಇನ್ನೊಂದು ಕಡೆ ಶೌಚಾಲಯದ ನಲ್ಲಿ ರಿಪೇರಿಗೆ ತಂಡದಿಂದಲೇ ಪ್ಲಂಬರ್ ಕರೆಸಿದೆವು. ಹಿಂದಿನ ಬಾಗಿಲ ಹತ್ತಿರ ಚಾಪೆ ಹಾಸಿ ಕೂಸುಗಳ ತಾಯಂದಿರಿಗೆ ಜಾಗ ಮಾಡಿದೆವು. ಹೊತ್ತು ಐದಕ್ಕೆ ಬಂತು. ಮೇಳದವರ ಸಾಮಾನು ತರುವ ಗಾಡಿಯ ಬಾಡಿಗೆ ಉಳಿಸಿ, ಆ ದುಡ್ಡನ್ನು ಓಣಿಯ ಆಟೋದವರಿಗೇ ಕೊಟ್ಟು ಹೋಗಿಬರುವ ವ್ಯವಸ್ಥೆ ಮಾಡಿದೆವು. ಗೇಟಿನಲ್ಲಿ ಟಿಕೆಟ್ಟು ಹರಿಯಲು ನನ್ನ ಪಕ್ಕ ನಿಂತವರು ಸಂಘದ ಇಬ್ಬರು ಹೆಣ್ಣುಮಕ್ಕಳು. ಬಂದವರಿಗೆ ಮೊದಲು ಕಂಡದ್ದು ಗುರುತಿನ ಮುಖ.

ಹಳೆಯ ಪ್ರೇಕ್ಷಕರಲ್ಲಿ ಕೆಲವರಿಗೆ ಐದು ಗಂಟೆ ಕಷ್ಟವಾಯಿತು. ಗಲಾಟೆ ಜಾಸ್ತಿ, ಸಂಭಾಷಣೆ ಕೇಳಿಸಲಿಲ್ಲ ಅಂತ ಒಬ್ಬರು ನೇರವಾಗಿಯೇ ಹೇಳಿದರು. ಅವರ ಬೇಸರವನ್ನೂ ನಾನು ಹಗುರವಾಗಿ ನೋಡಲಾರೆ. ಮೂವತ್ತು ವರ್ಷ ನಮ್ಮನ್ನು ಹಿಡಿದು ನಿಲ್ಲಿಸಿದವರು ಅವರು. ಅದಕ್ಕೇ ಈಗ ಪ್ರತಿ ನಾಟಕಕ್ಕೂ ಎರಡು ಹೊತ್ತು ಇಟ್ಟಿದ್ದೇವೆ, ಸಂಜೆ ಐದರದೊಂದು, ಏಳೂವರೆಯದೊಂದು. ಪಾತ್ರಧಾರಿಗಳಿಗೆ ದಣಿವಾಗುತ್ತದೆ, ಖರ್ಚೂ ಜಾಸ್ತಿ. ಆದರೆ ಒಬ್ಬ ನಿವೃತ್ತ ಮೇಷ್ಟ್ರು ಬೇಕೆಂದೇ ಐದರ ಆಟಕ್ಕೆ ಬರುತ್ತಾರೆ. ‘ಇಲ್ಲಿ ಕೂತ್ರೆ ನನ್ನ ಚಿಕ್ಕಂದಿನ ಕಂಪನಿ ನಾಟಕದ ನೆಲ ನೆನಪಾಗುತ್ತಮ್ಮ’ ಅಂತಾರೆ.

ಎಲ್ಲರೂ ಬಂದರು ಅಂತ ನಾನು ಹೇಳಲಾರೆ. ಓಣಿಯ ಅಂಗಳದಲ್ಲಿ ಕೂತವರಲ್ಲಿ ಭವನದ ತನಕ ಬಂದವರು ಕಡಿಮೆ. ವಯಸ್ಸಿನ ಹುಡುಗರು ಇನ್ನೂ ಬಂದಿಲ್ಲ. ಕೆಲವು ಮನೆಗಳಲ್ಲಿ ‘ನಾಟಕಕ್ಕೆ ಕಳಿಸಲ್ಲ’ ಅಂದಿದ್ದಾರೆ, ಅವರ ಜೊತೆ ವಾದಕ್ಕೆ ಇಳಿಯದೆ ಚಹಾ ಕುಡಿದು ಬರುತ್ತೇವೆ. ಹಾಗಿದ್ದೂ ಮೊದಲ ಸಲ ಬಂದವರು ಎರಡನೇ ಸಲ ತಾವೇ ಫೋನ್ ಮಾಡಿ ‘ಯಾವಾಗ್ರಿ ನಾಟಕ?’ ಅಂತ ಕೇಳುವುದು ಶುರುವಾಗಿದೆ. ಪ್ರಚಾರದ ಕೆಲಸ ಮಾಡುವವರಿಗೆ ಆ ಒಂದು ಫೋನಿನ ಬೆಲೆ ಗೊತ್ತು.

ಈಗ ಮುಂದಿನ ನಾಟಕ ಆರಿಸುವ ಸಭೆಗೆ ಸಂಘದಿಂದ ಮೂವರು ಬರುತ್ತಾರೆ. ಹೋದ ಸಭೆಯಲ್ಲಿ ನಮ್ಮ ನಿರ್ದೇಶಕರು ಮತ್ತೊಂದು ಗಂಭೀರ ನಾಟಕ ಓದಿದರು. ‘ಈ ಸಲ ನಗೋದು ಮಾಡ್ರಿ ಸರ್. ಅಳಾಕ ನಮ್ಮ ಮನ್ಯಾಗ ಬೇಕಾದಷ್ಟೈತಿ’ ಅಂದರು ಸಂಘದವರು. ನಿರ್ದೇಶಕರು ಇನ್ನೂ ಒಪ್ಪಿಲ್ಲ. ಅವರೂ ಬಿಟ್ಟಿಲ್ಲ. ಜಿನ್ನಿನ ಕಥೆ ಹೇಳಿದ ಹೆಣ್ಣುಮಗಳು ತನ್ನ ಹತ್ತಿರ ಒಂದು ಕಳ್ಳನ ಕಥೆ ಇದೆ, ನಕ್ಕು ನಕ್ಕು ಹೊಟ್ಟೆ ಹುಣ್ಣಾಗುತ್ತದೆ, ಬರೆದುಕೊಳ್ಳುವವರಿದ್ದರೆ ಶುಕ್ರವಾರ ಬರ್ರಿ ಅಂದಿದ್ದಾರೆ. ನೋಟ್‌ಬುಕ್ ತೆಗೆದುಕೊಂಡು ನಿರ್ದೇಶಕರನ್ನೂ ಕರೆದುಕೊಂಡು ಹೋಗುತ್ತಿದ್ದೇನೆ.